ವೆಚ್ಚ ಕಡಿತ ಮತ್ತು ಬಾಳಿಕೆ: ಸ್ಟಂಟ್ ಸ್ಕೂಟರ್ ಡೆಕ್ಕಿನ ಒಂದು ಅಧ್ಯಯನ

ಉತ್ಪಾದನಾ ವೆಚ್ಚವನ್ನು ತಗ್ಗಿಸುವುದು ಪ್ರತಿಯೊಬ್ಬ ಉದ್ದಿಮೆದಾರನ ಕರ್ತವ್ಯವೇ ಸರಿ. ಆದರೆ ತಗ್ಗಿದ ವೆಚ್ಚ ನಿಜವಾಗಿಯೂ ಇಲ್ಲವಾಯಿತೇ ಅಥವಾ ಒಂದು ಖಾತೆಯಿಂದ ಮತ್ತೊಂದು ಖಾತೆಗೆ ವರ್ಗವಾಯಿತೇ ಎಂದು ಪರಿಶೀಲಿಸುವವರು ವಿರಳ. ಈ ಪ್ರಶ್ನೆಯ ಮಹತ್ವವನ್ನು ಅರಿಯಲು ಸ್ಟಂಟ್ ಸ್ಕೂಟರಿನ ಡೆಕ್ ಒಂದು ಉತ್ತಮ ನಿದರ್ಶನ.

ಸ್ಟಂಟ್ ಸ್ಕೂಟರ್ ಎಂದರೆ ಎಂಜಿನ್ ಇಲ್ಲದ, ಕಾಲಿನಿಂದ ತಳ್ಳಿ ಓಡಿಸುವ ಎರಡು ಗಾಲಿಯ ಸಾಧನ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬಾಲಕರೂ ಯುವಕರೂ ಇದರ ಮೇಲೆ ನಿಂತು ಎತ್ತರಕ್ಕೆ ಜಿಗಿಯುವ ಕಸರತ್ತು ನಡೆಸುತ್ತಾರೆ. ತಯಾರಿಕೆಯ ಬಹುಭಾಗ ಚೀನಾ ಮತ್ತು ತೈವಾನ್‌ಗಳಲ್ಲಿ ನಡೆಯುತ್ತದೆ. ಸವಾರ ನಿಲ್ಲುವ ಅಲ್ಯುಮಿನಿಯಂ ಹಲಗೆಯೇ ಡೆಕ್. ಅದರ ಮುಂತುದಿಗೆ ಹೆಡ್‌ಟ್ಯೂಬ್ ಎಂಬ ಕೊಳವೆಯನ್ನು ವೆಲ್ಡಿಂಗ್ ಮಾಡಲಾಗಿರುತ್ತದೆ. ಸವಾರ ಮೇಲಿನಿಂದ ನೆಲಕ್ಕೆ ಇಳಿದಾಗಲೆಲ್ಲ ಆ ಹೊಡೆತದ ಬಹುಪಾಲು ಈ ವೆಲ್ಡಿಂಗ್‌ನ ಸುತ್ತಲೇ ಕೇಂದ್ರೀಕೃತವಾಗುತ್ತದೆ.

ಕಣ್ಣಿಗೆ ಕಾಣದ ಉಳಿತಾಯ

ಉತ್ತಮ ಡೆಕ್‌ಗಳಿಗೆ ಸಾಮಾನ್ಯವಾಗಿ ಬಳಸುವುದು ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆತ 6061 ಎಂಬ ಅಲ್ಯುಮಿನಿಯಂ ಮಿಶ್ರಲೋಹ. ಇದನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೀರಿನಲ್ಲಿ ಥಟ್ಟನೆ ತಣಿಸಿ, ಬಳಿಕ 160ರಿಂದ 175 ಡಿಗ್ರಿಯಲ್ಲಿ ಹಲವು ಗಂಟೆಗಳ ಕಾಲ ಇರಿಸಿದಾಗ ಟಿ-6 ಎಂಬ ಗಡಸು ಸ್ಥಿತಿ ದೊರೆಯುತ್ತದೆ. ಆಗ ಅದರ ಎಳೆತ ಬಲ ಸುಮಾರು 310 ಮೆಗಾಪಾಸ್ಕಲ್.

ಟಿ-6 ಸ್ಥಿತಿಯ ಲೋಹಕ್ಕೆ ವೆಲ್ಡಿಂಗ್ ಮಾಡಿದೊಡನೆ ಆ ಶಾಖದಿಂದ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಅಂತಹ ಜೋಡಣೆಯ ಬಲವನ್ನು ವಿನ್ಯಾಸಕಾರರು ಸುಮಾರು 165 ಮೆಗಾಪಾಸ್ಕಲ್ ಎಂದಷ್ಟೇ ಪರಿಗಣಿಸುತ್ತಾರೆ. ಅಂದರೆ ಹೆಚ್ಚು ಹೊಡೆತ ಬೀಳುವ ಜಾಗದಲ್ಲೇ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವೆಲ್ಡಿಂಗ್ ನಂತರ ಇಡೀ ಡೆಕ್ಕಿಗೆ ಮತ್ತೊಮ್ಮೆ ಪೂರ್ಣ ಹೀಟ್ ಟ್ರೀಟ್‌ಮೆಂಟ್ ನೀಡಿದರೆ ಕಳೆದುಹೋದ ಬಲದ ಹೆಚ್ಚಿನ ಭಾಗ ಮರಳಿ ಬರುತ್ತದೆ. ಆದರೆ ಇದಕ್ಕೆ ಕುಲುಮೆ, ಇಂಧನ, ಸಮಯ ಬೇಕು. ತಣಿಸುವಾಗ ಸೊಟ್ಟಗಾದ ಡೆಕ್‌ಗಳನ್ನು ನೇರಗೊಳಿಸಬೇಕು, ಕೆಲವನ್ನು ತಿರಸ್ಕರಿಸಬೇಕು. ಆದ್ದರಿಂದ ವೆಚ್ಚ ಕಡಿತಕ್ಕೆ ಹೊರಟವರಿಗೆ ಈ ಹಂತವನ್ನು ಕೈಬಿಡುವ ಆಸೆ ಸುಲಭವಾಗಿ ಹುಟ್ಟುತ್ತದೆ.

ಹೀಗೆ ಕೈಬಿಟ್ಟ ಡೆಕ್ ನೋಟಕ್ಕೂ ತೂಕಕ್ಕೂ ಉತ್ತಮ ಡೆಕ್ಕಿನಂತೆಯೇ ಇರುತ್ತದೆ. ಅದರ ಮೇಲೆ '6061 ಟಿ-6' ಎಂಬ ಚೀಟಿಯೂ ಇರಬಹುದು. ಖರೀದಿಸಿದ ಕಚ್ಚಾ ಪ್ರೊಫೈಲಿನ ಮಟ್ಟಿಗೆ ಆ ಚೀಟಿ ಸುಳ್ಳಲ್ಲ. ವೆಲ್ಡಿಂಗ್ ಆದ ಸರಕಿನ ಮಟ್ಟಿಗೆ ಅದು ನಿಜವೂ ಅಲ್ಲ.

ಲೋಹ ಮತ್ತು ದಪ್ಪ

ಎರಡನೆಯ ಕಡಿತ ಮಿಶ್ರಲೋಹದಲ್ಲಿ ನಡೆಯುತ್ತದೆ. 6063 ಮಿಶ್ರಲೋಹವನ್ನು ಎಕ್ಸ್‌ಟ್ರೂಷನ್ ಪ್ರೆಸ್ಸಿನಲ್ಲಿ ಹೆಚ್ಚು ವೇಗವಾಗಿ ಒತ್ತಿ ತೆಗೆಯಬಹುದಾದ್ದರಿಂದ ವೆಚ್ಚ ಕಡಿಮೆ. ಆದರೆ ಟಿ-6 ಸ್ಥಿತಿಯಲ್ಲೂ ಅದರ ಎಳೆತ ಬಲ ಸುಮಾರು 240 ಮೆಗಾಪಾಸ್ಕಲ್ ಮಾತ್ರ.

ಮೂರನೆಯದು ದಪ್ಪ. ಸಪಾಟಾದ ಪಟ್ಟಿಯೊಂದರ ಬಾಗುವ ಬಲ ಅದರ ದಪ್ಪದ ವರ್ಗವನ್ನೂ, ಬಿಗುವು ದಪ್ಪದ ಘನವನ್ನೂ ಅವಲಂಬಿಸಿದೆ. ದಪ್ಪವನ್ನು ಶೇ. 10ರಷ್ಟು ಇಳಿಸಿದರೆ ಲೋಹದಲ್ಲಿ ಉಳಿಯುವುದು ಶೇ. 10; ಬಲದಲ್ಲಿ ನಷ್ಟವಾಗುವುದು ಶೇ. 19, ಬಿಗುವಿನಲ್ಲಿ ಶೇ. 27. ಒಳಗೆ ಟೊಳ್ಳಿರುವ ಡೆಕ್ಕಿನಲ್ಲಿ ಈ ಪ್ರಮಾಣ ಬೇರೆಯಾದರೂ ತೆಳುವಾದ ಗೋಡೆ ಬೇಗ ತಗ್ಗು ಬೀಳುವುದು ಖಚಿತ.

ಇನ್ನೊಂದು ಅಂಶ ಗಮನಾರ್ಹ. ಉಕ್ಕಿಗೆ ಒಂದು ಮಿತಿಯೊಳಗಿನ ಹೊಡೆತಗಳನ್ನು ಬಹುಕಾಲ ತಾಳಿಕೊಳ್ಳುವ ಗುಣವಿದೆ. ಅಲ್ಯುಮಿನಿಯಂಗೆ ಅಂತಹ ನಿಶ್ಚಿತ ಮಿತಿಯಿಲ್ಲ. ಪ್ರತಿ ಜಿಗಿತವೂ ಅದರ ಆಯುಷ್ಯದ ಒಂದಂಶವನ್ನು ವ್ಯಯಿಸುತ್ತದೆ. ಆದ್ದರಿಂದ ಕಡಿತದ ಫಲ ಮೊದಲ ದಿನ ತಿಳಿಯುವುದಿಲ್ಲ. ಸರಕು ಮಾರಾಟವಾಗಿ, ಲಾಭ ಲೆಕ್ಕಕ್ಕೆ ಸೇರಿ, ಲೆಕ್ಕಪುಸ್ತಕ ಮುಚ್ಚಿದ ಮೇಲೆ ಬಿರುಕು ಕಾಣಿಸಿಕೊಳ್ಳಬಹುದು.

ಲೆಕ್ಕಪತ್ರದ ದೃಷ್ಟಿಯಿಂದ

ಅಮೆರಿಕದ ಆರ್ಮಂಡ್ ಫೈಗೆನ್‌ಬಾಮ್ 1956ರಲ್ಲಿ ಗುಣಮಟ್ಟದ ವೆಚ್ಚವನ್ನು ದೋಷ ತಡೆಯುವ ವೆಚ್ಚ, ಪರೀಕ್ಷೆಯ ವೆಚ್ಚ ಮತ್ತು ವೈಫಲ್ಯದ ವೆಚ್ಚ ಎಂದು ವಿಂಗಡಿಸಿದರು. ಮೊದಲೆರಡನ್ನು ಕಡಿತಗೊಳಿಸಿದಾಗ ಮೂರನೆಯದು ಏರುವ ಸಂಭವವುಂಟು. ಎಷ್ಟು ಏರಿದರೆ ನಷ್ಟ ಎಂಬುದನ್ನು ಸರಳ ಸೂತ್ರದಿಂದ ಅರಿಯಬಹುದು: ಪ್ರತಿ ನಗದ ಉಳಿತಾಯವನ್ನು ಒಂದು ವೈಫಲ್ಯದ ಒಟ್ಟು ವೆಚ್ಚದಿಂದ ಭಾಗಿಸಬೇಕು.

ಉದಾಹರಣೆಗೆ, ಒಬ್ಬ ತಯಾರಕನು ಹೀಟ್ ಟ್ರೀಟ್‌ಮೆಂಟ್ ಕೈಬಿಟ್ಟು ಡೆಕ್ ಒಂದಕ್ಕೆ ರೂ. 40 ಉಳಿಸಿದನೆಂದು ಭಾವಿಸೋಣ. 10,000 ಡೆಕ್‌ಗಳಿಗೆ ಉಳಿತಾಯ ರೂ. 4,00,000. ಮುರಿದ ಡೆಕ್ಕಿಗೆ ಬದಲಿ ನೀಡಲು ಸರಕಿನ ಬೆಲೆ ರೂ. 1,200, ಸಾಗಣೆ ಮತ್ತಿತರ ಖರ್ಚು ರೂ. 800, ಒಟ್ಟು ರೂ. 2,000 ಆದರೆ, 40ನ್ನು 2,000ದಿಂದ ಭಾಗಿಸಿದಾಗ ದೊರೆಯುವುದು ಶೇ. 2. ಹೆಚ್ಚುವರಿಯಾಗಿ ಕೇವಲ 200 ಡೆಕ್‌ಗಳು ಮರಳಿ ಬಂದರೆ ಇಡೀ ಉಳಿತಾಯ ಕರಗುತ್ತದೆ. ಸವಾರನಿಗಾದ ಗಾಯ, ಕೈಬಿಟ್ಟುಹೋದ ಗಿರಾಕಿ ಈ ಲೆಕ್ಕದಲ್ಲಿ ಸೇರಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ವ್ಯಾಪಾರಕ್ಕೂ ಅನ್ವಯಿಸುತ್ತದೆ.

ಭಾರತದಲ್ಲಿ ಇಂತಹ ಸರಕನ್ನು ತಯಾರಿಸುವವರಿಗೂ ಮಾರುವವರಿಗೂ ಕಾನೂನಿನ ಹೊಣೆಯಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕನನ್ನೂ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರನನ್ನೂ ಹೊಣೆಯಾಗಿಸುತ್ತದೆ. ವಾರಂಟಿ ನೀಡುವವರು ಲೆಕ್ಕಪತ್ರ ಮಾನದಂಡ 29ರ ಅನ್ವಯ, ಮಾರಾಟದ ವರ್ಷದಲ್ಲೇ ಅದಕ್ಕೆ ತಕ್ಕ ಮೊತ್ತವನ್ನು ಕಾದಿರಿಸಬೇಕಾಗುತ್ತದೆ. ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಹಿಂದಿನ ಅನುಭವದ ಆಧಾರದ ಮೇಲೆ ವೈಜ್ಞಾನಿಕವಾಗಿ ಅಂದಾಜಿಸಿದ ವಾರಂಟಿ ಮೊತ್ತವನ್ನು ಆದಾಯದಿಂದ ಕಳೆಯಬಹುದೆಂದು ಎತ್ತಿಹಿಡಿಯಿತು. ಆದುದರಿಂದ ಮರಳಿ ಬಂದ ಸರಕಿನ ದಾಖಲೆಯನ್ನು ಬ್ಯಾಚ್‌ವಾರು ಇಡುವುದು ತೆರಿಗೆಯ ದೃಷ್ಟಿಯಿಂದಲೂ ಲಾಭಕರ.

ಎಲ್ಲಿ ಕಡಿತ ಮಾಡಬಹುದು?

ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಲಾರೆನ್ಸ್ ಮೈಲ್ಸ್ 1940ರ ದಶಕದಲ್ಲಿ ರೂಪಿಸಿದ ಮೌಲ್ಯ ವಿಶ್ಲೇಷಣೆಯ ಪದ್ಧತಿಯು ಪ್ರತಿ ಭಾಗಕ್ಕೂ 'ಇದರ ಕೆಲಸವೇನು?' ಎಂಬ ಪ್ರಶ್ನೆ ಹಾಕುತ್ತದೆ. ಡೆಕ್ಕಿನ ವಿಷಯದಲ್ಲಿ ಈ ಕ್ರಮಗಳು ಉಪಯುಕ್ತ:

1. ಭಾರ ಹೊರದ ಬಣ್ಣ, ಸ್ಟಿಕ್ಕರ್, ಪ್ಯಾಕಿಂಗ್‌ಗಳಲ್ಲಿ ಮೊದಲು ಕಡಿತ ಮಾಡಬೇಕು.

2. ಡೆಕ್ಕಿನ ಅಳತೆಗೆ ಹೊಂದುವ ಉದ್ದದ ಪ್ರೊಫೈಲ್ ಖರೀದಿಸಿ ತುಂಡು ಸ್ಕ್ರ್ಯಾಪನ್ನು ತಗ್ಗಿಸಬೇಕು.

3. ಹೀಟ್ ಟ್ರೀಟ್‌ಮೆಂಟನ್ನು ಕೈಬಿಡುವ ಬದಲು ಕುಲುಮೆ ತುಂಬುವಷ್ಟು ಸರಕನ್ನು ಒಟ್ಟುಗೂಡಿಸಿ, ನಗವೊಂದಕ್ಕೆ ತಗಲುವ ವೆಚ್ಚವನ್ನು ಇಳಿಸಬೇಕು.

4. ವೆಲ್ಡಿಂಗ್‌ನ ಪಕ್ಕದಲ್ಲೂ ಅದರಿಂದ ದೂರದಲ್ಲೂ ಗಡಸುತನ ಅಳೆಯಬೇಕು. 6061 ಟಿ-6ರ ಬ್ರಿನೆಲ್ ಗಡಸುತನ ಸುಮಾರು 95. ಪಕ್ಕದಲ್ಲಿ ಅಳತೆ ತೀರ ಕಡಿಮೆ ಬಂದರೆ ಹೀಟ್ ಟ್ರೀಟ್‌ಮೆಂಟ್ ಸರಿಯಾಗಿ ಆಗಿಲ್ಲವೆಂದೇ ಶಂಕಿಸಬೇಕು.

5. ಲೋಹ, ದಪ್ಪ ಅಥವಾ ಪ್ರಕ್ರಿಯೆ ಬದಲಾದಾಗ ಹೊಸ ಮಾದರಿಯನ್ನೇ ಪರೀಕ್ಷೆಗೆ ಒಳಪಡಿಸಬೇಕು. ಯುರೋಪಿನ ಇಎನ್ 14619, ಅಮೆರಿಕದ ಎಎಸ್‌ಟಿಎಂ ಎಫ್ 2264 ಮಾನಕಗಳಂತೆ ಹಳೆಯ ಮಾದರಿಗೆ ದೊರೆತ ಪ್ರಮಾಣಪತ್ರವು ಬದಲಾದ ಸರಕಿನ ಬಲವನ್ನು ಸಾಬೀತುಪಡಿಸುವುದಿಲ್ಲ.

ಕರ್ನಾಟಕದ ಕೈಗಾರಿಕಾ ಪ್ರದೇಶಗಳಲ್ಲಿ ಅಲ್ಯುಮಿನಿಯಂ ವೆಲ್ಡಿಂಗ್‌ನ ಜಾಬ್ ವರ್ಕ್ ನಡೆಸುವ ಸಣ್ಣ ಘಟಕಗಳಿಗೂ ಈ ಕ್ರಮಗಳು ಅನ್ವಯಿಸುತ್ತವೆ. ಏಣಿಯಾಗಲಿ, ಆಸ್ಪತ್ರೆಯ ಗಾಲಿಕುರ್ಚಿಯಾಗಲಿ, ಲೋಹದ ಸ್ವಭಾವ ಒಂದೇ. ಕಾಸ್ಟಿಂಗ್ ಶೀಟಿನಲ್ಲಿ ಉಳಿತಾಯದ ಅಂಕಣದ ಪಕ್ಕದಲ್ಲಿ 'ನಿರೀಕ್ಷಿತ ವೈಫಲ್ಯ ವೆಚ್ಚ' ಎಂಬ ಮತ್ತೊಂದು ಅಂಕಣವನ್ನು ತೆರೆದು, ಎರಡರ ವ್ಯತ್ಯಾಸವನ್ನು ಮಾತ್ರ ಲಾಭವೆಂದು ಪರಿಗಣಿಸುವುದು ವಿವೇಕದ ಮಾರ್ಗ.