ಮಳೆ ಹಿಡಿಯುವ ಮೊದಲು ಕಾಗದ, ಹಿಡಿದ ಮೇಲೆ ಜಗಲಿ

ಕವಲೇದುರ್ಗದ ಸುತ್ತ ಊರೆಂದರೆ ಗುಡ್ಡಕ್ಕೊಂದು ಮನೆ. ತೀರ್ಥಹಳ್ಳಿ ಪೇಟೆಗೆ ಸುಮಾರು 18 ಕಿ.ಮೀ., ಅಲ್ಲಿಂದ ಶಿವಮೊಗ್ಗಕ್ಕೆ ಮತ್ತೆ 60 ಕಿ.ಮೀ. ಚಿಲ್ಲರೆ. ಕತ್ತು ನಿಲ್ಲದ, ನಡೆಯಲಾರದ ಮಗುವನ್ನು ಎತ್ತಿಕೊಂಡು 'ವಾರಕ್ಕೆರಡು ಸಲ ಥೆರಪಿಗೆ ಬನ್ನಿ' ಎಂದು ಪೇಟೆಯಲ್ಲಿ ಕೂತವರು ಸಲೀಸಾಗಿ ಹೇಳಿಬಿಡುತ್ತಾರೆ. ಆಷಾಢದ ಮಳೆಯಲ್ಲಿ ಅದು ಆಗುವ ಮಾತಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ತಂದೆತಾಯಿ ವರ್ಷವನ್ನೇ ಎರಡು ಪಾಲು ಮಾಡಿಕೊಳ್ಳುವುದು ಒಳ್ಳೆಯದು: ಬೇಸಿಗೆಯಲ್ಲಿ ಆಸ್ಪತ್ರೆ, ಕಚೇರಿ, ಮಳೆಗಾಲದಲ್ಲಿ ಮನೆಯೊಳಗಿನ ಅಭ್ಯಾಸ.

ಮೊದಲು ತೋರಿಸಿ

'ಅವರಪ್ಪನಿಗೂ ಮಾತು ತಡವಾಗೇ ಬಂದದ್ದು' ಎಂದು ಮನೆಯ ಹಿರಿಯರು ಹೇಳಿದರೆ ಕೇಳಿಸಿಕೊಳ್ಳಿ, ಆದರೆ ಕಾಯಬೇಡಿ. ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂದೂವರೆ ವರ್ಷಕ್ಕೂ ನಡಿಗೆ ಇಲ್ಲದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ತೋರಿಸಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬರಬೇಕು. ಯಾವ ದಿನ ಎಂದು ಕಾರ್ಯಕರ್ತೆಯನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ. ಅವರ ಚೀಟಿ ಇದ್ದರೆ ಜಿಲ್ಲಾ ಮಟ್ಟದ ತಪಾಸಣೆಗೆ ದಾರಿ ಸಲೀಸು. ಕಿವಿ, ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ (ಆಯಿಷ್) ಸಾಗರದ ಉಪವಿಭಾಗೀಯ ಆಸ್ಪತ್ರೆಯಲ್ಲೇ ಹೊರಸೇವಾ ಕೇಂದ್ರ ತೆರೆದಿದೆ. ಮೈಸೂರಿಗೇ ಹೋಗಬೇಕಾಗಿ ಬಂದರೆ ತಾಳಗುಪ್ಪದಿಂದ ಸಾಗರದ ಮೇಲೆ ಹಾದುಹೋಗುವ ರೈಲಿದೆ. ಕಿವಿಯ ವಿಷಯದಲ್ಲಿ ವಯಸ್ಸೇ ಎಲ್ಲ. ಕಾಕ್ಲಿಯರ್ ಇಂಪ್ಲಾಂಟ್‌ಗೆ ನೆರವಾಗುವ ರಾಜ್ಯದ 'ಶ್ರವಣ ಸಂಜೀವಿನಿ' ಇರುವುದು ಆರು ವರ್ಷದೊಳಗಿನ ಮಕ್ಕಳಿಗೆ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಮಾತು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟದ, ಮೊಣಕಾಲಿನ ಕೀಲುಗಳನ್ನು ಹಾಳುಮಾಡುತ್ತದೆ. ವಂಶವಾಹಿಯಿಂದ ಬರುವುದೇ ಹೊರತು ಅಂಟುವುದಲ್ಲ. ಅಂಥ ಮನೆತನದ ಮಗು ಸೊಂಟ ನೋವೆಂದರೆ ಎಣ್ಣೆ ತಿಕ್ಕಿ ಸುಮ್ಮನಾಗದೆ ಮೂಳೆ ವೈದ್ಯರಿಗೆ ತೋರಿಸಿ. ಊರವರು ಆ ಮಗುವಿನ ಜೊತೆ ಆಡಬೇಡಿ ಎಂದು ತಮ್ಮ ಮಕ್ಕಳಿಗೆ ಹೇಳುವುದು ಬರೀ ಅಜ್ಞಾನ.

ಆಮೇಲೆ ಕಾರ್ಡು

ಎಲ್ಲದಕ್ಕೂ ಬೇರು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ವೈದ್ಯರ ಮುಂದೆ ಮಗುವನ್ನು ಹಾಜರುಪಡಿಸಬೇಕು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಬದಲು ಪಂಚಾಯಿತಿಗೆ ಹೋಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರೆಂದು ಕೇಳಿ. ಅವರ ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಈ ಇಬ್ಬರ ಫೋನ್ ನಂಬರ್ ಕ್ಯಾಲೆಂಡರಿನ ಮೇಲೆ ಬರೆದಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆ, ಕುಬ್ಜತೆ ಎಲ್ಲವೂ ಅದರಲ್ಲಿವೆ. ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುವುದು ಶೇ. 40 ಅಂಗವಿಕಲತೆಯಿಂದ. ಮಾಸಾಶನಕ್ಕೆ ಶೇ. 75 ಇನ್ನೊಂದು ಮೆಟ್ಟಿಲು.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ ಇದ್ದರೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಯ ಖರ್ಚೂ ಸೇರಿ. ಅಷ್ಟಾಗಿ ಯಾರೂ ಹೇಳುವುದಿಲ್ಲ, ನೀವೇ ಕೇಳಬೇಕು. ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ನಮ್ಮ ಥಂಡಿಗೆ ಕಾಗದ ಬೂಸಲು ಹಿಡಿಯುತ್ತದೆ.

ಬಸ್ ಪಾಸಿನ ವಿಷಯ ನಗು ತರಿಸುವಂಥದ್ದು. ರಿಯಾಯಿತಿ ಪಾಸು ನಡೆಯುವುದು ಸರ್ಕಾರಿ ಬಸ್ಸಿನಲ್ಲಿ; ನಮ್ಮ ದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ರೈಲಿನ ರಿಯಾಯಿತಿ ಮಾತ್ರ ನಿಜಕ್ಕೂ ಕೈಗೆ ಸಿಗುತ್ತದೆ: ಬೇರೆಯವರ ನೆರವಿಲ್ಲದೆ ಓಡಾಡಲಾಗದ ಮಗುವಿಗೂ ಜೊತೆಗಿರುವ ಒಬ್ಬರಿಗೂ ಸ್ಲೀಪರ್ ದರ್ಜೆಯಲ್ಲಿ ಶೇ. 75. ಇದಕ್ಕೆ ರೈಲ್ವೆಯದೇ ನಮೂನೆಯ ಪ್ರಮಾಣಪತ್ರ ಬೇಕು. ಆಸ್ಪತ್ರೆಗೆ ಹೋದ ದಿನವೇ ಅದಕ್ಕೂ ಸಹಿ ಹಾಕಿಸಿಕೊಂಡು ಬನ್ನಿ.

ಮನೆಯೊಳಗೆ

ಥೆರಪಿಸ್ಟ್ ಹತ್ತಿರ ಹೋದಾಗ ಮಗುವನ್ನು ಅವರ ಕೈಗೊಪ್ಪಿಸಿ ಹೊರಗೆ ಕೂರಬೇಡಿ. ಒಳಗೆ ನಿಂತು, ಕೈ ಎಲ್ಲಿ ಹಿಡಿಯುತ್ತಾರೆ, ಎಷ್ಟು ಎಳೆಯುತ್ತಾರೆ ನೋಡಿ, ಕೇಳಿಕೊಂಡು ಮೊಬೈಲಿನಲ್ಲಿ ತೆಗೆದುಕೊಳ್ಳಿ. 'ಮನೆಯಲ್ಲಿ ಮಾಡಲು ಮೂರೇ ಮೂರು ಹೇಳಿಕೊಡಿ' ಎಂದು ಕೇಳಿ. ಹತ್ತು ಹೇಳಿದರೆ ಒಂದೂ ಆಗುವುದಿಲ್ಲ.

ಕೂರಲಾಗದ ಮಗುವಿಗೆ ಊರ ಬಡಗಿಯಿಂದಲೇ ಮೂಲೆ ಕುರ್ಚಿ ಮಾಡಿಸಬಹುದು: ಎರಡು ಹಲಗೆ ಮೂಲೆಯಂತೆ ಸೇರಿ ಬೆನ್ನಿಗೂ ಭುಜಕ್ಕೂ ಆಸರೆ, ಕಾಲುಗಳ ನಡುವೆ ಜಾರದಂತೆ ಗೂಟ, ಮುಂದೆ ಒಂದು ಮಣೆ. ಅಳತೆಯನ್ನು ಥೆರಪಿಸ್ಟ್ ಕೊಡಲಿ. ನಡಿಗೆ ಕಲಿಯುವ ಮಗುವಿಗೆ ಜಗಲಿಯಲ್ಲಿ ಅದರ ಸೊಂಟದೆತ್ತರಕ್ಕೆ ಎರಡು ಅಡಿಕೆ ದಬ್ಬೆ ಸಮಾನಾಂತರವಾಗಿ ಕಟ್ಟಿ. ಸಿಬಿರು ಪೂರ್ತಿ ಕೆತ್ತಿ ತೆಗೆದು ಹಳೆ ಸೀರೆ ಸುತ್ತಿ, ಇಲ್ಲದಿದ್ದರೆ ಮಗು ಒಂದೇ ದಿನಕ್ಕೆ ಹೆದರಿಬಿಡುತ್ತದೆ.

ಊಟ ಮಲಗಿಸಿಕೊಂಡು ಬೇಡ. ಬೆನ್ನು ನೆಟ್ಟಗೆ, ಗಲ್ಲ ಸ್ವಲ್ಪ ಕೆಳಗೆ. ನೀರುನೀರು ಗಂಜಿಗಿಂತ ಮಂದವಾದದ್ದು ನುಂಗಲು ಸುಲಭ. ಪ್ರತಿ ತುತ್ತಿಗೂ ಕೆಮ್ಮಿದರೆ ವೈದ್ಯರಿಗೆ ಹೇಳಿ. ಅನ್ನ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು.

ಕಾಲಿನಲ್ಲಿ ಸ್ಪರ್ಶಜ್ಞಾನ ಇಲ್ಲದ ಮಕ್ಕಳಿಗೆ ಮಲೆನಾಡಿನ ಮನೆಯಲ್ಲಿ ಎರಡು ಅಪಾಯ. ಒಂದು ಹಂಡೆಯ ನೀರು. ಸುಟ್ಟದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ, ಹಾಗಾಗಿ ನೀವೇ ಮೊಣಕೈ ಅದ್ದಿ ನೋಡಿ ಹುಯ್ಯಿರಿ. ಇನ್ನೊಂದು ಇಂಬಳ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆರಳ ಸಂದಿಯಿಂದ ಹಿಡಿದು ಅಂಗಾಲಿನವರೆಗೆ ಒಮ್ಮೆ ನೋಡುವ ರೂಢಿ ಇರಲಿ.

ಆಟಿಸಂ ಇರುವ ಕೆಲವು ಮಕ್ಕಳಿಗೆ ನೀರಿನ ಸೆಳೆತ ಹೆಚ್ಚು, ಕಣ್ತಪ್ಪಿಸಿ ಓಡುವುದೂ ಉಂಟು. ಬಾವಿಕಟ್ಟೆ, ತೋಟದ ಕಾದಿಗೆ, ಕೃಷಿಹೊಂಡಕ್ಕೆ ಬೇಲಿ ಮೊದಲು, ಆಟಿಕೆ ಆಮೇಲೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರದ ಸದ್ದಿಗೆ ಕಿರುಚಾಡಿದರೆ ಹಟವೆಂದು ಹೊಡೆಯಬೇಡಿ, ಯಂತ್ರವನ್ನು ಕಣದ ಆಚೆ ತುದಿಗೆ ಸರಿಸಿ. ಮೆಟ್ಟುಗತ್ತಿಯಿಂದ ದೂರ ಕೂರಿಸಿ ಗೋಟು ಆರಿಸಲು ಕೊಟ್ಟರೆ ತಾಳ್ಮೆಯಿಂದ ಮಾಡುವ ಮಕ್ಕಳಿದ್ದಾರೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೂ ಕರೆದೊಯ್ಯಿರಿ, ಜನ ಸೇರುವ ಮುಂಚೆ, ಬೆಳಿಗ್ಗೆ. ಕವಲೇದುರ್ಗದ ಕೋಟೆಗೆ ಮಾತ್ರ ಹೆಗಲೇ ಗತಿ. ಆ ಕಲ್ಲುಹಾದಿಯಲ್ಲಿ ಗಾಲಿಕುರ್ಚಿ ಹೋಗದು.

ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣವೂ ಬೇಡ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108. ಮಳೆಯಲ್ಲಿ ಫೋನ್ ಸಿಗದಿದ್ದರೆ ಯಾರ ಜೀಪು ಎಂಬುದು ಜೂನ್‌ಗೆ ಮೊದಲೇ ತೀರ್ಮಾನವಾಗಿರಲಿ. ಫಿಟ್ಸ್ ಮಾತ್ರೆ ಒಂದು ತಿಂಗಳಿನದು ಹೆಚ್ಚಿಗೆ ಇರಲಿ. ನೀವಾಗಿಯೇ ನಿಲ್ಲಿಸುವುದು ಅಪಾಯ.

ಇದೆಲ್ಲ ತಾಯಿಯೊಬ್ಬಳ ತಲೆಗೇ ಬೀಳುತ್ತದೆ. ಸ್ನಾನ ಅಥವಾ ವ್ಯಾಯಾಮ, ಎರಡರಲ್ಲಿ ಒಂದನ್ನು ಅಪ್ಪ ವಹಿಸಿಕೊಳ್ಳಲಿ. ಅದಕ್ಕೆ ಹೆಂಗರುಳೇನೂ ಬೇಕಿಲ್ಲ.

ಶಾಲೆ

ಶೇ. 40 ಮತ್ತು ಮೇಲ್ಪಟ್ಟ ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಕಾನೂನಿನ ಹಕ್ಕು. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯಿದೆ. ಬಿಇಒ ಕಚೇರಿಯಲ್ಲಿ ಅಥವಾ ಬಿಆರ್‌ಸಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೇಳಿ. 'ನಮ್ಮಲ್ಲಿ ಆಗಲ್ಲ' ಎಂದು ಯಾರಾದರೂ ಅಂದರೆ, ಅದನ್ನೇ ಬರೆದುಕೊಡಿ ಎನ್ನಿ. ಬರೆದುಕೊಡುವವರು ಕಡಿಮೆ.

ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಸಿಗುವುದು ತಾತ್ಕಾಲಿಕ ಪ್ರಮಾಣಪತ್ರ. ಅವಧಿ ಮುಗಿದರೆ ಮಾಸಾಶನಕ್ಕೂ ತೊಡಕು. ನಿಮ್ಮ ಮಗುವಿನ ಕಾರ್ಡನ್ನು ಇವತ್ತೇ ತೆಗೆದು ದಿನಾಂಕ ನೋಡಿ. ಅದು ಮಳೆಗಾಲದಲ್ಲಿ ಬೀಳುವುದಾದರೆ ಏಪ್ರಿಲ್‌ನಲ್ಲೇ ನವೀಕರಣಕ್ಕೆ ಅರ್ಜಿ ಹಾಕಿ.