ಮೃಗಶಿರ ಕೈಕೊಟ್ಟ ಮೇಲೆ ಎದ್ದ ನಾಲ್ಕು ಪ್ರಶ್ನೆ

2023ರಲ್ಲಿ ರೋಹಿಣಿ ಮುಗಿಯುವ ಹೊತ್ತಿಗೆ ಬೆಟ್ಟು ಗದ್ದೆಗೆಂದು ಅಗೆ ಹಾಕಿದ್ದೆ. ನಮ್ಮದು ಮಳೆ ನಂಬಿದ ಬೇಸಾಯ. ಮೃಗಶಿರದಲ್ಲಿ ಬೇಕಾದಷ್ಟು ಮಳೆ ಬರಲೇ ಇಲ್ಲ. ಅಗೆ ಕೆಂಪಾಗಿ ಒಣಗಿತು. ಎರಡನೇ ಸಲ ಬೀಜಕ್ಕೆ ಕೈಸಾಲ ಮಾಡಿದೆ. ಅಂದಿನಿಂದ ನಾಲ್ಕು ಜನ ಸೇರಿದಲ್ಲಿ ಇದೇ ಮಾತು. ಕಲಿತದ್ದು ಏಳನೇ ಕ್ಲಾಸು. ಓದಿ, ಕೇಳಿ ತಿಳಿದದ್ದನ್ನು ಬರೆದಿದ್ದೇನೆ.

1. ಇದೆಲ್ಲ ಮರ ಕಡ್ದದ್ರಿಂದ್ಲೇ ಅಲ್ದಾ?
ಅದೂ ಒಂದು ಕಾರಣ. ಆದರೆ ದೊಡ್ಡ ಪಾಲು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟದ್ದು. ಯಂತ್ರಗಳ ಕಾಲಕ್ಕೆ ಮೊದಲು ಗಾಳಿಯ 10 ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ ಸುಮಾರು 280 ಪಾಲು ಇತ್ತು. ಈಗ 420 ದಾಟಿದೆ. ಭೂಮಿಗೆ ದಪ್ಪ ಕಂಬಳಿ ಹೊದೆಸಿದ ಹಾಗೆ, ಸೆಕೆ ಹೊರಗೆ ಹೋಗುವುದಿಲ್ಲ. ನೀರು ನಿಂತ ಗದ್ದೆಯಿಂದ ಏಳುವ ಮೀಥೇನ್ ಕೂಡ ಇದಕ್ಕೆ ಸೇರುತ್ತದೆ.

2. ಮೊದ್ಲೂ ಬರ, ನೆರೆ ಇರ್ಲಿಲ್ಯಾ?
ಇತ್ತು. ಒಂದು ವರ್ಷ ನೋಡಿ ತೀರ್ಪು ಕೊಡಬಾರದು. 2023ರಲ್ಲಿ ಬಿಪರ್‌ಜಾಯ್ ಚಂಡಮಾರುತ ಮುಂಗಾರನ್ನು ತಡೆಯಿತು. ಎಲ್ ನಿನೋ ವರ್ಷವೂ ಹೌದು. ಆದರೆ ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7 ಹೆಚ್ಚು ನೀರಾವಿ ಹಿಡಿಯುತ್ತದೆ. ಹಾಗಾಗಿ ಬಂದರೆ ಒಮ್ಮೆಲೇ ಸುರಿಯುವುದು ಹೆಚ್ಚಾಗುತ್ತದೆ. 2020ರ ಸೆಪ್ಟೆಂಬರ್ 20ರ ಉಡುಪಿಯ ನೆರೆ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಯಾರೂ ಮರೆತಿಲ್ಲ. ವರ್ಷದ ಒಟ್ಟು ಮಳೆ ಸರಿ ಇದ್ದರೂ ಅಗೆಗೆ ಬೇಕಾದ ದಿನ ಬಾರದಿದ್ದರೆ ಎಂಥ ಪ್ರಯೋಜನ?

3. ಮುಂದೆ ಎಂತ ಆತ್ತ್?
ಗಾಳಿಗೆ ಸೇರಿದ ಇಂಗಾಲಾಮ್ಲ ನೂರಾರು ವರ್ಷ ಉಳಿಯುತ್ತದೆ. ಜಗತ್ತು ಹೊಸದಾಗಿ ಸೇರಿಸುವುದನ್ನು ಪೂರ್ತಿ ನಿಲ್ಲಿಸಿದರೆ ಬಿಸಿ ಏರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹಳೆಯ ಹವೆ ಬೇಗ ಮರಳದು. ಕಡಲು ಏರಿದಂತೆ ಗಂಗೊಳ್ಳಿಯಂಥ ಅಳಿವೆ ಬದಿಯ ಗದ್ದೆ, ಬಾವಿಗಳಿಗೆ ಉಪ್ಪುನೀರಿನ ಭಯ ಹೆಚ್ಚು.

4. ನಾವ್ ಎಂತ ಮಾಡೂಕ್ ಆತ್ತ್?
ನಾನು ಈಗ ಅಗೆಯನ್ನು ಒಂದೇ ದಿನ ಹಾಕುವುದಿಲ್ಲ. ಅರ್ಧ ಮೊದಲು, ಇನ್ನರ್ಧ ಹತ್ತು ಹನ್ನೆರಡು ದಿನ ಬಿಟ್ಟು. ಸ್ವಲ್ಪ ಬೀಜ ಕೈಯಲ್ಲಿ ಉಳಿಸುತ್ತೇನೆ. ಯಾವ ತಳಿ ಎಂಬುದಕ್ಕೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.

ಇನ್ನೊಂದು, ಖರ್ಚಿಲ್ಲದ ಕೆಲಸ. ಮೇಲೂ ಕೆಳಗೂ ಒಂದೇ ಅಗಲದ ಡಬ್ಬಿಯನ್ನು ಬಯಲಲ್ಲಿಡಿ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ನೀರನ್ನು ಸ್ಕೇಲಿನಲ್ಲಿ ಅಳೆದು, ಬರೆದು, ಚೆಲ್ಲಿ. ಒಂದು ಮಿಲಿಮೀಟರ್ ಎಂದರೆ ಸೆಂಟ್ಸಿಗೆ ಸುಮಾರು 40 ಲೀಟರ್ ನೀರು. ಹತ್ತು ವರ್ಷ ಬರೆದಿಟ್ಟರೆ ನಿಮ್ಮ ಗದ್ದೆಯ ಮಳೆ ಹೇಗೆ ಬದಲಾಯಿತೆಂದು ನಿಮಗೇ ತಿಳಿದೀತು. ನಾನು ಮೊದಲೇ ಬರೆಯಲಿಲ್ಲ ಎಂಬುದೇ ಬೇಸರ. ನಿಮ್ಮಲ್ಲಿ ಹಳೆಯ ಲೆಕ್ಕ ಇದ್ದರೆ ಪತ್ರಿಕೆಗೆ ಬರೆಯಿರಿ.