ಕಾಯಿಸಬೇಡ, ಪುಟ್ಟಿ

ನಿನ್ನ ಹುಡುಗನ ಮೆಸೇಜಿಗೆ ತಕ್ಷಣ ಉತ್ತರ ಕೊಡಬಾರದು, ಒಂದಿಷ್ಟು ಒದ್ದಾಡಿಸಬೇಕು, ಆಗಲೇ ನಮಗೆ ಬೆಲೆ ಎಂದು ನಿನ್ನ ಗೆಳತಿಯರು ಹೇಳಿಕೊಡುತ್ತಾರಂತೆ. ಹೇಳಲಿ ಬಿಡು. ಅದನ್ನು ಪಾಲಿಸುವ ಮೊದಲು ಈ ಅಜ್ಜಿಯ ಮಾತು ಕೇಳಿ ನಿರ್ದೇಶಕ ಹಿಚ್‌ಕಾಕ್‌ನ ‘ನಟೋರಿಯಸ್’ ನೋಡು. 1946ರ ಕಪ್ಪು ಬಿಳುಪಿನ ಚಿತ್ರ. ಗೂಢಚಾರರ ಕಥೆ ಎಂದು ಹೆಸರು. ನನ್ನ ಪಾಲಿಗೆ ಅದು ಬಾಯಿ ಬಿಡದ ಇಬ್ಬರ ಕಥೆ.

ನಾಯಕಿ ಅಲಿಷಿಯಾಳ ತಂದೆ ನಾಜಿಗಳ ಪರ ಕೆಲಸ ಮಾಡಿ ಜೈಲು ಸೇರಿದವನು. ಮಗಳಿಗೂ ಕೆಟ್ಟ ಹೆಸರಿದೆ. ಡೆವ್ಲಿನ್ ಎಂಬ ಅಮೆರಿಕದ ಗೂಢಚಾರ ಅವಳನ್ನು ರಿಯೋಗೆ ಕರೆದೊಯ್ಯುತ್ತಾನೆ. ಅಲ್ಲಿ ಇಬ್ಬರಿಗೂ ಪ್ರೀತಿ ಹುಟ್ಟುತ್ತದೆ. ಅಷ್ಟರಲ್ಲಿ ಮೇಲಿನವರ ಅಪ್ಪಣೆ: ಇವಳನ್ನು ಹಿಂದೊಮ್ಮೆ ಬಯಸಿದ್ದ, ನಾಜಿ ಗುಂಪಿನ ಸೆಬಾಸ್ಟಿಯನ್‌ನ ಮನೆ ಹೊಕ್ಕು ಅವನ ಗುಟ್ಟು ತಿಳಿಯಬೇಕು. ‘ಹೋಗಬೇಡ’ ಅನ್ನಲಿ ಎಂದು ಅವಳು ಅವನ ಮುಖ ನೋಡುತ್ತಾಳೆ. ‘ಹೋಗಲ್ಲ’ ಅನ್ನಲಿ ಎಂದು ಅವನು ಕಾಯುತ್ತಾನೆ. ಇಬ್ಬರೂ ಅನ್ನುವುದಿಲ್ಲ. ಅವಳು ಹೋಗುತ್ತಾಳೆ, ಸೆಬಾಸ್ಟಿಯನ್‌ನನ್ನು ಮದುವೆಯೂ ಆಗುತ್ತಾಳೆ.

ಇಲ್ಲಿಯ ಸಸ್ಪೆನ್ಸ್ ಇರುವುದು ಆ ಮೌನದಲ್ಲೇ. ಮೇಜಿನ ಕೆಳಗೆ ಬಾಂಬು ಇದೆ ಎಂದು ಪ್ರೇಕ್ಷಕನಿಗೆ ಗೊತ್ತಿದ್ದು, ಸುತ್ತ ಕೂತು ಹರಟುವವರಿಗೆ ಗೊತ್ತಿಲ್ಲದಿದ್ದರೆ ಅದೇ ಸಸ್ಪೆನ್ಸ್ ಎಂದು ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರುಫೋಗೆ ವಿವರಿಸಿದ್ದ. ಈ ಚಿತ್ರದಲ್ಲಿ ವೈನ್ ಬಾಟಲಿಗಳೊಳಗೆ ಯುರೇನಿಯಂ ಅದಿರು ಅಡಗಿದೆ, ಆದರೆ ಅದು ಬರೀ ನೆಪ. ನಾವು ಉಸಿರು ಬಿಗಿಹಿಡಿಯುವುದು ಆಡದೆ ಉಳಿದ ಆ ಒಂದು ಮಾತಿಗೆ.

ಡೆವ್ಲಿನ್‌ನನ್ನು ಚೆನ್ನಾಗಿ ಗಮನಿಸು. ಆ ಪಾತ್ರ ಮಾಡಿದ ಕ್ಯಾರಿ ಗ್ರಾಂಟ್‌ನ ಚೆಲುವಿಗೆ ಮರುಳಾಗದೆ ಗಮನಿಸು, ಕಷ್ಟವೇ. ಕಚೇರಿಯಲ್ಲಿ ಮೇಲಧಿಕಾರಿ ಅಲಿಷಿಯಾಳನ್ನು ಹಗುರವಾಗಿ ಆಡಿದರೆ ಇವನು ಉರಿದು ಬಿದ್ದು ಅವಳ ಪರ ನಿಲ್ಲುತ್ತಾನೆ. ಅದೇ ಅವಳು ಕುದುರೆ ರೇಸಿನ ಮೈದಾನದಲ್ಲಿ ಎದುರು ನಿಂತಾಗ ಚುಚ್ಚಿ ಚುಚ್ಚಿ ಮಾತಾಡುತ್ತಾನೆ. ನಿನ್ನಂಥವಳು ಬದಲಾಗುವುದುಂಟೇ ಎಂಬ ಧಾಟಿಯಲ್ಲಿ. ನೀನು ಒಂದು ಮಾತು ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ ಎಂದು ಅವಳು ಹೇಳಿಯೇ ಬಿಡುತ್ತಾಳೆ. ಆ ಉತ್ತರ ನಿನ್ನಿಂದಲೇ ಬರಬೇಕಿತ್ತು ಎನ್ನುತ್ತಾನೆ ಅವನು. ಅವನು ಅವಳನ್ನು ಪರೀಕ್ಷೆಗೆ ಕೂರಿಸಿದ್ದ, ಪರೀಕ್ಷೆ ನಡೆಯುತ್ತಿದೆ ಎಂದು ಹೇಳದೆ. ಬೆನ್ನ ಹಿಂದೆ ಹೊಗಳಿ ಎದುರಿಗೆ ಕುಟುಕುವ ಈ ಜಾತಿಯವರನ್ನು ನಮ್ಮ ಕಡೆಯೂ ‘ಒಳಗೆ ಬಲು ಪ್ರೀತಿ’ ಎಂದು ವಹಿಸಿಕೊಳ್ಳುತ್ತಾರೆ. ಒಳಗೇ ಇದ್ದರೆ ಯಾರ ಹೊಟ್ಟೆ ತುಂಬೀತು?

ಕೊನೆಗೂ ಅವನು ಪ್ರೀತಿಸುತ್ತೇನೆ ಎನ್ನುವ ಹೊತ್ತಿಗೆ ಸೆಬಾಸ್ಟಿಯನ್ ಮತ್ತು ಅವನ ತಾಯಿ ಕಾಫಿಯಲ್ಲಿ ಹಾಕುತ್ತಿದ್ದ ವಿಷ ಅವಳ ಮೈಗೆಲ್ಲ ಏರಿರುತ್ತದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುವಾಗ ಅಲಿಷಿಯಾ ಆಗಿ ನಟಿಸಿದ ಇಂಗ್ರಿಡ್ ಬರ್ಗ್‌ಮನ್‌ಳ ದನಿ ಕೇಳು.

ಇನ್ನು ಇವರಿಬ್ಬರ ಮುತ್ತಿನ ದೃಶ್ಯ. ಒಂದು ಮುತ್ತು ಮೂರು ಸೆಕೆಂಡು ಮೀರಕೂಡದು ಎಂಬ ಕಟ್ಟುಪಾಡು ಆಗ ಹಾಲಿವುಡ್ಡಿನಲ್ಲಿತ್ತು. ಹಿಚ್‌ಕಾಕ್ ಮುತ್ತುಗಳ ನಡುವೆ ಮಾತು ತುರುಕಿ ಎರಡೂವರೆ ನಿಮಿಷ ಎಳೆದ: ರಾತ್ರಿಯೂಟಕ್ಕೆ ಕೋಳಿ, ಒಂದು ಫೋನ್ ಕರೆ, ಹೀಗೆ. ನಾಚಬೇಡ, ನೋಡು. ಅಡುಗೆಯ ಮಾತಾಡುತ್ತಾ ಅಷ್ಟು ಹತ್ತಿರವಿದ್ದವರು ಬೇಕಾದ ಮಾತಿಗೆ ಮೂಕರಾದರಲ್ಲ!

ಹಿಚ್‌ಕಾಕ್‌ನದೇ ‘ರಿಯರ್ ವಿಂಡೋ’ (1954) ನೋಡಿದರೆ ನಗು ಬರುತ್ತದೆ. ಕಾಲು ಮುರಿದು ಕೂತ ಫೋಟೋಗ್ರಾಫರ್ ಜೆಫ್‌ಗೆ ಪ್ರೇಯಸಿ ಲೀಸಾ ತನ್ನ ಅಲೆಮಾರಿ ಬಾಳಿಗೆ ತೀರ ನಾಜೂಕು ಎಂಬ ತಕರಾರು. ಅವಳು ಎದುರು ಮನೆಯ ಕೊಲೆಗಾರನ ಕಿಟಕಿ ಹತ್ತಿ ಒಳಗಿಳಿದ ಮೇಲೆಯೇ ಅವನ ಕಣ್ಣು ಅರಳುವುದು. ಹಾಗೆ ಕಿಟಕಿ ಹತ್ತಿಸುವವನಿಂದ ದೂರವಿರು. ಆದರೆ ಲೀಸಾ ನನಗೆ ಇಷ್ಟ. ಕೊನೆಯಲ್ಲಿ ಅವನಿಗೆ ನಿದ್ದೆ ಹತ್ತಿದ್ದು ಖಾತ್ರಿಯಾದ ಮೇಲೆ ಕೈಯಲ್ಲಿದ್ದ ಹಿಮಾಲಯದ ಪುಸ್ತಕ ಕೆಳಗಿಟ್ಟು ಫ್ಯಾಷನ್ ಪತ್ರಿಕೆ ಎತ್ತಿಕೊಳ್ಳುತ್ತಾಳೆ.

‘ವರ್ಟಿಗೋ’ (1958) ಮಾತ್ರ ಕಡೆಗೆ ನೋಡು, ನಿನ್ನ ಹುಡುಗನ ಜೊತೆ ಕೂತು. ಅದರ ನಾಯಕ ಸ್ಕಾಟಿ ತಾನು ಕಳೆದುಕೊಂಡವಳ ಹಾಗೆಯೇ ಕಾಣಬೇಕೆಂದು ಜೂಡಿ ಎಂಬ ಹುಡುಗಿಗೆ ಬೂದು ಬಣ್ಣದ ಸೂಟು ಕೊಡಿಸುತ್ತಾನೆ, ಕೂದಲ ಬಣ್ಣ ಬದಲಿಸುತ್ತಾನೆ, ತುರುಬನ್ನೂ ತನಗೆ ಬೇಕಾದಂತೆ ಕಟ್ಟಿಸುತ್ತಾನೆ. ಹೀಗಾದರೆ ಪ್ರೀತಿಸುತ್ತೀಯಾ ಎಂದು ಅವಳು ಒಪ್ಪಿಕೊಳ್ಳುತ್ತಾಳೆ. ಆ ಬಟ್ಟೆ ಅಂಗಡಿಯ ದೃಶ್ಯಕ್ಕೆ ನಿಮ್ಮಿಬ್ಬರಿಗೆ ಜಗಳ ಬಂದರೆ ಬರಲಿ, ಅವತ್ತು ರಾತ್ರಿಯೇ ಆಡಿ ಮುಗಿಸಿ.